ಟಿವಿ ಗೇಮ್ ಶೋಗಳು ವಿಡಿಯೋ ಗೇಮ್ ಆದಾಗ ಯಾಕೆ ಸಪ್ಪೆಯಾಗುತ್ತವೆ? ಗೆದ್ದದ್ದು ಯಾವುದು?

ಪಗಡೆಹಾಸು

ಜನ ಮುಗಿಬಿದ್ದು ನೋಡುವ ಗೇಮ್ ಶೋವನ್ನು ವಿಡಿಯೋ ಗೇಮ್ ಮಾಡುವ ಕೆಲಸ ಇವತ್ತು ನಿನ್ನೆಯದಲ್ಲ. ಅಮೆರಿಕದ ವೀಲ್ ಆಫ್ ಫಾರ್ಚೂನ್ (ಮುಚ್ಚಿದ ಅಕ್ಷರ ತೆರೆಯುತ್ತಾ ವಾಕ್ಯ ಊಹಿಸುವುದು), ಜೆಪರ್ಡಿ (ಬಜ಼ರ್ ಒತ್ತಿ ಉತ್ತರಿಸುವ ಕ್ವಿಜ್), ಫ್ಯಾಮಿಲಿ ಫ್ಯೂಡ್, ಆಮೇಲೆ ನಮ್ಮ ಕೌನ್ ಬನೇಗಾ ಕರೋಡ್‌ಪತಿಯ ಮೂಲವಾದ ಬ್ರಿಟನ್ನಿನ ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್. ಹೊಸ ಕಂಪ್ಯೂಟರ್, ಹೊಸ ಕನ್ಸೋಲ್ (ಟಿವಿಗೆ ಹಾಕಿ ಗೇಮ್ ಆಡುವ ಯಂತ್ರ) ಬಂದಾಗಲೆಲ್ಲ ಇವು ಹೊಸ ರೂಪದಲ್ಲಿ ಬಂದಿವೆ.

ಆದರೆ ಇವುಗಳಲ್ಲಿ ಜಾಸ್ತಿ ಗೇಮ್‌ಗಳು ಎರಡು ಸಂಜೆ ಆಡಿದರೆ ಸಾಕೆನಿಸುತ್ತವೆ. ಅದೇ ಶೋ ಟಿವಿಯಲ್ಲಿ ಹತ್ತಾರು ವರ್ಷ ಓಡುತ್ತದೆ. ನಿಯಮ ಅದೇ, ಸಂಗೀತ ಅದೇ, ಪ್ರಶ್ನೆಗಳೂ ಅದೇ ಥರದವು. ಮತ್ತೆ ದಾರಿಯಲ್ಲಿ ಕಳೆದುಹೋಗುವುದು ಏನು?

ನನಗೆ ಅನಿಸುವುದು ಹೀಗೆ. ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ನಿಂತಿದ್ದಾನೆ, ಅವನೂ ಗೆಲ್ಲಲೇಬೇಕು ಅಂತ ಬಂದಿದ್ದಾನೆ, ಎದುರಿಗೆ ಜನ ಕೂತು ನೋಡುತ್ತಿದ್ದಾರೆ. ಆಟದ ಜೀವ ಅಲ್ಲಿದೆ. ಗೇಮ್ ಮಾಡುವವರು ಅದನ್ನು ಬಿಟ್ಟು ಸೆಟ್ಟನ್ನೂ ನಿರೂಪಕರ ಮುಖವನ್ನೂ ಎತ್ತಿಕೊಂಡು ಬರುತ್ತಾರೆ. ನೀವು ಆಡಿದ್ದರಲ್ಲಿ ಯಾವುದು ಆ ಜೀವವನ್ನು ಹಿಡಿದುಕೊಂಡಿತ್ತು? ಒಪ್ಪದವರೂ ಬರೆಯಿರಿ.

ಎಂಟುಬಿಟ್

ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ. 1987ರಲ್ಲಿ ಶೇರ್‌ಡೇಟಾ ಎಂಬ ಕಂಪನಿ ವೀಲ್ ಆಫ್ ಫಾರ್ಚೂನ್ ಮತ್ತು ಜೆಪರ್ಡಿಯನ್ನು ಕಮೊಡೋರ್ 64, ಆಪಲ್ 2 ಥರದ ಮನೆ ಕಂಪ್ಯೂಟರ್‌ಗಳಿಗೆ ತಂದಿತು. ನಿಂಟೆಂಡೊ ಕಂಪನಿಯ ಎನ್‌ಇಎಸ್ ಕನ್ಸೋಲ್‌ಗೆ ಇವನ್ನು ತಂದದ್ದು ಗೇಮ್‌ಟೆಕ್. ಡಬ್ಬದ ಮೇಲೆ ಗೇಮ್‌ಟೆಕ್ ಹೆಸರು ಇದ್ದರೂ ಪ್ರೋಗ್ರಾಂ ಬರೆದದ್ದು ಇಂಗ್ಲೆಂಡಿನ ರೇರ್. ಹೌದು, ಮುಂದೆ 1994ರಲ್ಲಿ ಡಾಂಕಿ ಕಾಂಗ್ ಕಂಟ್ರಿ, 1997ರಲ್ಲಿ ಗೋಲ್ಡನ್‌ಐ 007 ಮಾಡಿದ ಅದೇ ರೇರ್! ಹಾಲಿವುಡ್ ಸ್ಕ್ವೇರ್ಸ್, ಡಬಲ್ ಡೇರ್ ಎಂಬ ಶೋಗಳೂ ಅವರ ಕೈಯಲ್ಲೇ ಎನ್‌ಇಎಸ್‌ಗೆ ಬಂದವು.

ಅಂದರೆ ಕೆಲಸ ಗೊತ್ತಿಲ್ಲದವರು ಮಾಡಿ ಕೆಡಿಸಿದ್ದಲ್ಲ. ಕಷ್ಟ ಇದ್ದದ್ದು ಕಾರ್ಟ್ರಿಜ್‌ನಲ್ಲಿ, ಅಂದರೆ ಗೇಮ್ ತುಂಬಿಸಿ ಮಾರುವ ಡಬ್ಬಿಯಲ್ಲಿ. ಅದರಲ್ಲಿ ಇರುವ ಜಾಗವೇ ಕಡಿಮೆ. ಟಿವಿ ಶೋಗೆ ದಿನಾ ಹೊಸ ಪ್ರಶ್ನೆ ಬರೆಯುವ ತಂಡ ಇರುತ್ತದೆ, ಕಾರ್ಟ್ರಿಜ್‌ಗೆ ಒಂದು ಸಲ ತುಂಬಿದ್ದೇ ಕೊನೆ. ಹಾಗಾಗಿ ಜೆಪರ್ಡಿಗೆ ಜೂನಿಯರ್ ಎಡಿಷನ್, 25ನೇ ವರ್ಷದ ಎಡಿಷನ್ ಅಂತ ಪ್ರಶ್ನೆ ಬದಲಿಸಿ ಮತ್ತೆ ಮತ್ತೆ ಮಾರಿದರು.

ಮುಖದ ವಿಷಯ ಹೇಳಿದಿರಲ್ಲ, ಅದಕ್ಕೂ ಒಂದು ಮಾತು. 1990ರ ದಶಕದಲ್ಲಿ ಬಂದ ಒಂದು ವೀಲ್ ಆಫ್ ಫಾರ್ಚೂನ್ ಗೇಮ್‌ನ ಹೆಸರಲ್ಲೇ ‘ಫೀಚರಿಂಗ್ ವ್ಯಾನಾ ವೈಟ್’ ಅಂತ ಸೇರಿಸಿದ್ದರು. ಟಿವಿಯಲ್ಲಿ ಅಕ್ಷರ ತೆರೆಯುವ ವ್ಯಾನಾ ವೈಟ್ ಮುಖ ಇದ್ದರೆ ಕಾರ್ಟ್ರಿಜ್ ಮಾರಾಟ ಆಗುತ್ತದೆ ಅನ್ನುವ ಲೆಕ್ಕ.

ತಾಳೆನೋಡುವವ

ಪ್ರೋಗ್ರಾಂ ಬರೆಯುವವನಾಗಿ ನನಗೆ ಕಾಣುವ ತೊಡಕು ಬೇರೆ. ಜೆಪರ್ಡಿಯಲ್ಲಿ ಉತ್ತರ ಬಾಯಲ್ಲಿ ಹೇಳಬೇಕು. ಮನುಷ್ಯರಾದ ತೀರ್ಪುಗಾರರು ಕೇಳಿ ‘ಸರಿ’ ಅನ್ನುತ್ತಾರೆ. ಕನ್ಸೋಲ್‌ನಲ್ಲಿ ಏನು ಮಾಡುವುದು? ಎನ್‌ಇಎಸ್‌ನಲ್ಲಿ ಬಾಣದ ಗುಂಡಿ ಒತ್ತಿ ಒಂದೊಂದೇ ಅಕ್ಷರ ಆರಿಸಬೇಕಿತ್ತು. ಉತ್ತರ ಗೊತ್ತಿದೆ, ಆದರೆ ಸ್ಪೆಲಿಂಗ್ ಗೊತ್ತಿಲ್ಲ. ಸ್ಪೆಲಿಂಗೂ ಗೊತ್ತಿದೆ, ಆದರೆ ಸಮಯ ಮುಗಿಯಿತು. ತಲೆಯ ಓಟದ ಆಟ ಬೆರಳಿನ ಓಟದ ಆಟವಾಗಿ ಹೋಯಿತು.

ಫ್ಯಾಮಿಲಿ ಫ್ಯೂಡ್ ಇನ್ನೂ ಕಷ್ಟ. ಅಲ್ಲಿ ಸರಿಯುತ್ತರ ಅನ್ನುವುದೇ ಇಲ್ಲ. ನೂರು ಜನರನ್ನು ಕೇಳಿದಾಗ ಜಾಸ್ತಿ ಜನ ಏನು ಹೇಳಿದರು ಅಂತ ಊಹಿಸಬೇಕು. ಒಬ್ಬರು ‘ಗಾಡಿ’ ಅಂತ ಬರೆಯಬಹುದು, ಇನ್ನೊಬ್ಬರು ‘ಕಾರು’, ಮತ್ತೊಬ್ಬರು ‘ವಾಹನ’. ಯಂತ್ರ ಬಿಗಿಯಾಗಿದ್ದರೆ ಒಳ್ಳೆಯ ಉತ್ತರವನ್ನೂ ಹೊಡೆದುಹಾಕುತ್ತದೆ. ಸಡಿಲವಾಗಿದ್ದರೆ ಸುಮ್ನೆ ಏನು ಒತ್ತಿದರೂ ಒಪ್ಪಿಕೊಳ್ಳುತ್ತದೆ. ಆ ಕಾಲದ ಚಿಕ್ಕ ಮೆಮೊರಿಯಲ್ಲಿ ಈ ತೂಗಾಟ ಮಾಡಿದವರ ಬಗ್ಗೆ ನನಗೆ ನಿಜವಾಗಿ ಗೌರವ ಇದೆ.

ಆಮೇಲೆ ಬಂದವರು ಸುಲಭದ ದಾರಿ ಹಿಡಿದರು. ಯೂಬಿಸಾಫ್ಟ್ 2017ರಲ್ಲಿ ತಂದ ಜೆಪರ್ಡಿಯಲ್ಲಿ ಉತ್ತರ ಬರೆಯಬೇಕಾಗಿಲ್ಲ, ಕೊಟ್ಟದ್ದರಲ್ಲಿ ಒಂದನ್ನು ಆರಿಸಿದರೆ ಆಯಿತು. ಟೈಪ್ ಮಾಡುವ ಕಷ್ಟ ತಪ್ಪಿತು, ಜೊತೆಗೆ ಜೆಪರ್ಡಿಯೂ ತಪ್ಪಿಹೋಯಿತು. ನೆನಪಿನಿಂದ ಉತ್ತರ ಎಳೆದು ತರುವುದೇ ಬೇರೆ, ಎದುರಿಗಿದ್ದುದನ್ನು ಗುರುತು ಹಿಡಿಯುವುದೇ ಬೇರೆ.

ಬೆರಳುಬಜ಼ರ್

ಬೆಂಗಳೂರಿನ ಕ್ವಿಜ್‌ಗಳಿಗೆ ಹೋಗುವ ಅಭ್ಯಾಸ ಇರುವವಳು ನಾನು. ನಮ್ಮ ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಇದೆ, ಆದ್ದರಿಂದ ಈ ಊರಿಗೆ ಬಜ಼ರ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಜೆಪರ್ಡಿಯ ಬಜ಼ರ್ ಬೇರೆ ಥರ. ನಿರೂಪಕರು ಪ್ರಶ್ನೆ ಓದಿ ಮುಗಿಸುವವರೆಗೆ ಒತ್ತುವಂತಿಲ್ಲ. ಮುಗಿದ ಕೂಡಲೇ ಬೋರ್ಡಿನ ಪಕ್ಕದಲ್ಲಿ ದೀಪ ಹತ್ತುತ್ತದೆ. ಅದಕ್ಕೂ ಮೊದಲೇ ಒತ್ತಿದರೆ ಕಾಲು ಸೆಕೆಂಡ್ ನಿಮ್ಮ ಗುಂಡಿ ಸತ್ತ ಹಾಗೆ. ಮೂವರಿಗೂ ಉತ್ತರ ಗೊತ್ತಿದ್ದಾಗ ಗೆಲ್ಲಿಸುವುದು ಈ ಕಾಲು ಸೆಕೆಂಡೇ.

ಈಗ ಎದುರಾಳಿ ಯಂತ್ರವಾದರೆ ಏನಾಗುತ್ತದೆ? ಇದಕ್ಕೆ ಟಿವಿಯಲ್ಲೇ ಉತ್ತರ ಸಿಕ್ಕಿತು. 2011ರ ಫೆಬ್ರುವರಿಯಲ್ಲಿ ಐಬಿಎಂನ ವಾಟ್ಸನ್ ಕಂಪ್ಯೂಟರ್ ಕೆನ್ ಜೆನ್ನಿಂಗ್ಸ್ ಮತ್ತು ಬ್ರಾಡ್ ರಟ್ಟರ್ ಜೊತೆ ಜೆಪರ್ಡಿ ಆಡಿತು. ಜೆನ್ನಿಂಗ್ಸ್ 2004ರಲ್ಲಿ ಸತತ 74 ಆಟ ಗೆದ್ದವರು. ಕೊನೆಗೆ ವಾಟ್ಸನ್ ಬಳಿ 77,147 ಡಾಲರ್, ಜೆನ್ನಿಂಗ್ಸ್ ಬಳಿ 24,000, ರಟ್ಟರ್ ಬಳಿ 21,600. ವಾಟ್ಸನ್ ಬುದ್ಧಿಯ ಬಗ್ಗೆ ಎಷ್ಟು ಮಾತಾಯಿತೋ ಅದರ ಬಜ಼ರ್ ಬಗ್ಗೆಯೂ ಅಷ್ಟೇ ಆಯಿತು. ಮನುಷ್ಯ ದೀಪ ಯಾವಾಗ ಹತ್ತಬಹುದು ಅಂತ ಅಂದಾಜು ಮಾಡಿ ಒತ್ತಬೇಕು. ಯಂತ್ರಕ್ಕೆ ಸಿಗ್ನಲ್ ಬಂದರೆ ಸಾಕು, ಒತ್ತುತ್ತದೆ. ಅದಕ್ಕೆ ಕೈ ನಡುಗುವುದಿಲ್ಲ.

ಮನೆಯ ಗೇಮ್‌ನಲ್ಲೂ ಇದೇ ಗೋಳು. ಯಂತ್ರವನ್ನು ಅದರ ಪೂರ್ತಿ ವೇಗಕ್ಕೆ ಬಿಟ್ಟರೆ ನೀವು ಒಮ್ಮೆಯೂ ಗೆಲ್ಲುವುದಿಲ್ಲ. ಬೇಕೆಂದೇ ನಿಧಾನ ಮಾಡಿದರೆ ನಿಮಗಾಗಿ ಸೋಲುತ್ತಿದೆ ಅಂತ ಗೊತ್ತಾಗಿಬಿಡುತ್ತದೆ. ಪಗಡೆಹಾಸು ಅವರ ಮಾತನ್ನು ನಾನು ಪೂರ್ತಿ ಒಪ್ಪುವುದು ಇದಕ್ಕೇ.

ಬಜ಼ರ್ ವಿಷಯದಲ್ಲಿ ಸರಿಯಾಗಿ ಯೋಚಿಸಿದವರು ಅಂದರೆ ಬಜ಼್! ಮಾಡಿದವರು. ಪ್ಲೇಸ್ಟೇಷನ್ 2ಗೆ 2005ರಲ್ಲಿ ಬಂತು. ಅದು ಯಾವ ಟಿವಿ ಶೋದ ನಕಲೂ ಅಲ್ಲ. ಆದರೆ ನಾಲ್ಕು ಬಜ಼ರ್‌ಗಳನ್ನು ಗೇಮ್ ಜೊತೆಗೇ ಕೊಟ್ಟರು, ಒಂದೊಂದರ ಮೇಲೂ ದೊಡ್ಡ ಕೆಂಪು ಗುಂಡಿ. ನಾಲ್ಕು ಜನ ಒಂದೇ ಸೋಫಾದಲ್ಲಿ ಕೂತು ಒತ್ತಿದರೆ ಯಾವ ಲೈಸೆನ್ಸೂ ಇಲ್ಲದೆ ಅದು ಗೇಮ್ ಶೋ ಆಯಿತು.

ಒಬ್ಬಳೇ_ಆಡುವೆ

ನಾನು ಒಪ್ಪುವುದಿಲ್ಲ. ಎದುರಿಗೆ ಮನುಷ್ಯ ಇಲ್ಲದಿದ್ದರೆ ಆಟವೇ ಇಲ್ಲ ಅನ್ನುವುದು ಬಜ಼ರ್ ಇರುವ ಶೋಗಳಿಗೆ ಸರಿ. ವೀಲ್ ಆಫ್ ಫಾರ್ಚೂನ್‌ನಲ್ಲಿ ನಿಜವಾದ ಎದುರಾಳಿ ಯಾರು? ಬೋರ್ಡಿನ ಮೇಲಿನ ಖಾಲಿ ಮನೆಗಳು. ನಾಲ್ಕು ಅಕ್ಷರ ತೆರೆದಿದೆ, ಇಡೀ ವಾಕ್ಯ ಥಟ್ಟನೆ ಹೊಳೆಯುತ್ತದೆ. ಆ ಕ್ಷಣಕ್ಕೆ ಪಕ್ಕದಲ್ಲಿ ಯಾರೂ ಬೇಕಾಗಿಲ್ಲ. ಪದಬಂಧ ಬಿಡಿಸುವವರು ಯಾರ ಜೊತೆ ಸ್ಪರ್ಧೆ ಮಾಡುತ್ತಾರೆ ಹೇಳಿ?

ಮಿಲಿಯನೇರ್ ಕೂಡ ಹಾಗೇ. ಅಲ್ಲಿ ಬಿಸಿ ಕುರ್ಚಿಯಲ್ಲಿ ಕೂರುವುದು ಒಬ್ಬರೇ. 15 ಪ್ರಶ್ನೆ, ಪ್ರತಿ ಪ್ರಶ್ನೆಗೂ ಒಂದೇ ಲೆಕ್ಕ: ಇಷ್ಟಕ್ಕೇ ಎದ್ದು ಹೋಗಲೋ, ಮುಂದಕ್ಕೆ ಹೋಗಲೋ? 1999ರಲ್ಲಿ ಅಮೆರಿಕದಲ್ಲಿ ಡಿಸ್ನಿ ಹೊರತಂದ ಪಿಸಿ ಗೇಮ್ ಮಾಡಿದ್ದು ಜೆಲ್ಲಿವಿಷನ್. ಅವರು 1995ರಲ್ಲೇ ಯೂ ಡೋಂಟ್ ನೋ ಜಾಕ್ ಎಂಬ ಕ್ವಿಜ್ ಗೇಮ್ ಮಾಡಿದ್ದರು. ಅದರಲ್ಲಿ ನಿರೂಪಕ ನಿಮ್ಮನ್ನು ನೋಡುತ್ತಲೇ ಮಾತಾಡುತ್ತಿದ್ದಾನೆ ಅನಿಸಬೇಕು, ತಪ್ಪು ಹೇಳಿದರೆ ಆ ತಪ್ಪಿಗೆ ತಕ್ಕ ಮಾತೇ ಬರಬೇಕು, ಹಾಗೆ ಧ್ವನಿಗಳನ್ನು ಜೋಡಿಸಿದ್ದರು. ಒಬ್ಬರೇ ಆಡುವಾಗಲೂ ಯಾರೋ ಜೊತೆಗಿದ್ದಾರೆ ಅನಿಸುತ್ತದೆ. ಅದು ಬರೆಯುವವರ ಕೌಶಲ. ಇಂಟರ್ನೆಟ್ಟಿನಲ್ಲಿ ಲಕ್ಷ ಜನರನ್ನು ಸೇರಿಸುವುದಕ್ಕಿಂತ ಅದು ಕಷ್ಟದ ಕೆಲಸ ಅಂತ ನನ್ನ ನಂಬಿಕೆ.

ಪಗಡೆಹಾಸು

ವೀಲ್ ವಿಷಯದಲ್ಲಿ ನೀವು ಹೇಳಿದ್ದು ಸರಿ ಮೇಡಂ. ಮಿಲಿಯನೇರ್ ವಿಷಯದಲ್ಲಿ ಮಾತ್ರ ನನಗೆ ಒಂದು ತಕರಾರು ಇದೆ. ಎದ್ದು ಹೋಗುವ ಲೆಕ್ಕ ನಿಜವಾಗುವುದು ಹಣ ನಿಜವಾದಾಗ. ಗೇಮ್‌ನಲ್ಲಿ ಐದು ಲಕ್ಷ ಕಳೆದುಕೊಂಡರೂ ನನ್ನದೇನೂ ಹೋಗುವುದಿಲ್ಲ. ಹಾಗಾಗಿ ಯಾರೂ ಎದ್ದು ಹೋಗುವುದಿಲ್ಲ, ಎಲ್ಲರೂ ಊಹೆ ಮಾಡಿ ಮುಂದಕ್ಕೆ ಹೋಗುತ್ತಾರೆ. ಹಣ ಬಚ್ಚಿಟ್ಟ ಪೆಟ್ಟಿಗೆ ಒಂದೊಂದೇ ತೆರೆಯುತ್ತಾ, ಕೊಡುವ ಮೊತ್ತಕ್ಕೆ ಒಪ್ಪುವುದೋ ಬೇಡವೋ ಅಂತ ತೀರ್ಮಾನಿಸುವ ಡೀಲ್ ಆರ್ ನೋ ಡೀಲ್ ಶೋದ ಗೇಮ್‌ಗಳು ಪೂರ್ತಿ ಸೋತದ್ದು ಇಲ್ಲೇ. ಪೆಟ್ಟಿಗೆ ತೆರೆಯುವುದು ಬಿಟ್ಟರೆ ಅಲ್ಲಿ ಇನ್ನೇನೂ ಇಲ್ಲ.

ಲೈಫ್‌ಲೈನ್ ಕೂಡ ನೋಡಿ. ಟಿವಿಯಲ್ಲಿ ಸ್ನೇಹಿತನಿಗೆ ಫೋನ್ ಮಾಡಿದರೆ ಆ ಕಡೆಯಿಂದ ನಿಜವಾದ ಗೆಳೆಯ ತಡವರಿಸುತ್ತಾನೆ. ಗೇಮ್‌ನಲ್ಲಿ ಆ ಗೆಳೆಯ ಮೊದಲೇ ರೆಕಾರ್ಡ್ ಮಾಡಿಟ್ಟ ಧ್ವನಿ. ಪ್ರೇಕ್ಷಕರ ಶೇಕಡಾವಾರು ಮತವೂ ಯಂತ್ರವೇ ಲೆಕ್ಕ ಹಾಕಿ ಹಾಕಿದ್ದು.

ಲೀಡ್ಸ್_ಮನೆ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಮಿಲಿಯನೇರ್ ಐಟಿವಿಯಲ್ಲಿ 1998ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಐಡಾಸ್ ಹೊರತಂದ ಗೇಮ್‌ಗೆ ನಿರೂಪಕ ಕ್ರಿಸ್ ಟಾರಂಟ್ ತಾವೇ ಧ್ವನಿ ಕೊಟ್ಟಿದ್ದರು. ಇಲ್ಲಿಯವರು ಅದನ್ನು ಒಬ್ಬೊಬ್ಬರೇ ಆಡಿದ್ದು ಕಡಿಮೆ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಕೂತು ಕೂಗುತ್ತಾ ಆಡುವ ಗೇಮ್ ಅದು. ನಮ್ಮ ಮನೆಯಲ್ಲೂ ಕ್ರಿಸ್‌ಮಸ್ ರಜೆಯಲ್ಲಿ ಹಾಗೇ ಆಡಿದ್ದೇವೆ. ಹಣ ಸುಳ್ಳಾದರೇನು, ಅತ್ತೆಯ ಮುಂದೆ ತಪ್ಪು ಹೇಳುವ ಭಯ ನಿಜವೇ ಅಲ್ವಾ?

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಯತ್ನ ಎಕ್ಸ್‌ಬಾಕ್ಸ್‌ನ 1 ವರ್ಸಸ್ 100. ನೆದರ್ಲೆಂಡ್ಸ್‌ನ ಹಳೆಯ ಶೋ ಅದು, ಒಬ್ಬರು ನೂರು ಜನರ ವಿರುದ್ಧ ಆಡುವ ಕ್ವಿಜ್. ಮೈಕ್ರೋಸಾಫ್ಟ್ 2009ರಲ್ಲಿ ಅದನ್ನು ಎಕ್ಸ್‌ಬಾಕ್ಸ್ 360ಗೆ ತಂದಾಗ ಗೇಮ್ ಅಂತ ಮಾಡಲಿಲ್ಲ, ಕಾರ್ಯಕ್ರಮ ಅಂತಲೇ ಮಾಡಿತು. ನಿಗದಿಯಾದ ಸಂಜೆ, ನಿಗದಿಯಾದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬರಬೇಕು. ನಿರೂಪಕರ ಮಾತು ನೇರ ಪ್ರಸಾರ. ಬಂದವರಲ್ಲಿ ಒಬ್ಬರು ‘ಒನ್’ ಆಗುತ್ತಾರೆ, ನೂರು ಜನ ‘ಮಾಬ್’, ಉಳಿದವರೆಲ್ಲ ‘ಕ್ರೌಡ್’. ಬಹುಮಾನವೂ ನಿಜವಾದದ್ದು. ಒಂದು ಹಂತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ಆಡಿ ಗಿನ್ನೆಸ್ ದಾಖಲೆ ಆಯಿತು. ಪ್ರಶ್ನೆಗೆ ಉತ್ತರ ಒತ್ತಿದ ಮೇಲೆ, ಆ ಒಂದು ಲಕ್ಷ ಜನವೂ ನಿಮ್ಮ ಹಾಗೆ ಉಸಿರು ಬಿಗಿಹಿಡಿದಿದ್ದಾರೆ ಅಂತ ಗೊತ್ತಿರುತ್ತಿತ್ತು.

2010ರ ಜುಲೈಯಲ್ಲಿ ನಿಲ್ಲಿಸಿಬಿಟ್ಟರು. ಅದನ್ನು ಈಗ ಮತ್ತೆ ಆಡಲು ದಾರಿ ಇಲ್ಲ. ಎನ್‌ಇಎಸ್ ಕಾರ್ಟ್ರಿಜ್ ಇವತ್ತೂ ಹಾಕಿ ಆಡಬಹುದು. ಇದು ಸರ್ವರ್ ಜೊತೆಗೇ ಹೋಯಿತು. ಜನರನ್ನೇ ಆಟದ ಜೀವ ಮಾಡಿಕೊಂಡರೆ ಆ ಬೆಲೆಯನ್ನೂ ಕೊಡಬೇಕಾಗುತ್ತದೆ, ಪಗಡೆಹಾಸು ಅವರೇ.

ತಾಳೆನೋಡುವವ

ಎಚ್‌ಕ್ಯೂ ಟ್ರಿವಿಯಾಗೂ ಅದೇ ಆಯಿತು. 2017ರ ಆಗಸ್ಟ್‌ನಲ್ಲಿ ಶುರು. ಫೋನಿನಲ್ಲಿ ನೇರ ಪ್ರಸಾರದ ಕ್ವಿಜ್, 12 ಪ್ರಶ್ನೆ, ಒಂದಕ್ಕೆ 10 ಸೆಕೆಂಡ್. ತಪ್ಪಿದರೆ ಹೊರಗೆ. 2018ರ ಮಾರ್ಚ್‌ನಲ್ಲಿ ಒಂದೇ ಆಟಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ನಮ್ಮಲ್ಲೂ ಅದೇ ವರ್ಷ ಲೋಕೋ, ಬ್ರೇನ್‌ಬಾಜಿ ಬಂದವು. ಆಫೀಸುಗಳಲ್ಲಿ ಊಟದ ಹೊತ್ತಿಗೆ ಎಲ್ಲರ ಕೈಯಲ್ಲೂ ಅದೇ. ಎಚ್‌ಕ್ಯೂ 2020ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು. ಬಹುಮಾನ ಹಂಚಿಕೊಳ್ಳುವ ಗೆದ್ದವರ ಸಂಖ್ಯೆ ಜಾಸ್ತಿ ಆದಷ್ಟೂ ಒಬ್ಬೊಬ್ಬರ ಪಾಲು ಚಿಲ್ಲರೆ ಕಾಸಾಗುತ್ತದೆ. ಆ ಲೆಕ್ಕವನ್ನು ಯಾರೂ ಬಿಡಿಸಲಿಲ್ಲ.

ಪೋಗೋ_ಪೀಳಿಗೆ

ಎಲ್ಲರೂ ಕ್ವಿಜ್ ಬಗ್ಗೆಯೇ ಮಾತಾಡುತ್ತಿದ್ದೀರಿ! ಟಕೇಶಿಸ್ ಕ್ಯಾಸಲ್ ಎಲ್ಲಿ?

ಜಪಾನಿನ ಟಿಬಿಎಸ್ ಚಾನೆಲ್‌ನಲ್ಲಿ 1986ರಿಂದ 1990ರವರೆಗೆ ಬಂದ, ಅಡ್ಡಿಗಳನ್ನು ದಾಟಿ ಕೋಟೆ ಮುಟ್ಟುವ ಶೋ. ನಾವು ನೋಡಿದ್ದು ತುಂಬಾ ತಡವಾಗಿ, ಪೋಗೋ ಚಾನೆಲ್‌ನಲ್ಲಿ, ಜಾವೇದ್ ಜಾಫ್ರಿ ಅವರ ಹಿಂದಿ ಮಾತಿನ ಜೊತೆ. ಹಿಂದಿ ಅರ್ಧ ಅರ್ಥವಾದರೂ ಬೀಳುವುದು ಪೂರ್ತಿ ಅರ್ಥವಾಗುತ್ತಿತ್ತು. ನೂರಕ್ಕೂ ಹೆಚ್ಚು ಜನ ಶುರುಮಾಡಿ ಕೊನೆಗೆ ಬೆರಳೆಣಿಕೆಯವರು ಕೋಟೆ ಬಾಗಿಲಿಗೆ ಬರುತ್ತಾರೆ, ಅವರೂ ಹೆಚ್ಚಿನ ಸಲ ಸೋಲುತ್ತಾರೆ.

ಇದರ ಅತ್ಯುತ್ತಮ ಗೇಮ್ ಯಾವುದು ಗೊತ್ತಾ? ಟಕೇಶಿ ಹೆಸರನ್ನೇ ಹಾಕದ ಫಾಲ್ ಗೈಸ್. ಲಂಡನ್ನಿನ ಮೀಡಿಯಾಟಾನಿಕ್ 2020ರ ಆಗಸ್ಟ್ 4ರಂದು ತಂದದ್ದು. ಈ ಶೋ ಮತ್ತು ಬ್ರಿಟನ್ನಿನ ಇಟ್ಸ್ ಎ ನಾಕೌಟ್ ನೋಡಿಯೇ ಹೊಳೆದದ್ದು ಅಂತ ಮಾಡಿದವರೇ ಹೇಳಿದ್ದಾರೆ. ಅದು ಹೊಸದಾಗಿ ಬಂದಾಗ ಶುರುವಿನಲ್ಲಿ 60 ಜನ ಒಟ್ಟಿಗೆ ಓಡುತ್ತಿದ್ದರು. ಡೋರ್ ಡ್ಯಾಶ್ ಹಂತದಲ್ಲಿ ಕೆಲವು ಬಾಗಿಲು ನಿಜ, ಕೆಲವು ಸುಳ್ಳು. ಟಕೇಶಿಯಲ್ಲಿ ಬಾಗಿಲಿಗೆ ಡಿಕ್ಕಿ ಹೊಡೆದು ಬೀಳುತ್ತಿದ್ದರಲ್ಲ, ಅದೇ! ಮುಂದಿನವನು ಡಿಕ್ಕಿ ಹೊಡೆದು ಬಿದ್ದರೆ ಹಿಂದಿನವನಿಗೆ ದಾರಿ ಗೊತ್ತಾಗುತ್ತದೆ. ಸೀ ಸಾ ಹಂತ ಇನ್ನೂ ಚೆನ್ನ. ಎಲ್ಲರೂ ಒಂದೇ ಕಡೆ ಹಾರಿದರೆ ಹಲಗೆ ವಾಲುತ್ತದೆ, ಎಲ್ಲರೂ ಜಾರುತ್ತಾರೆ. ಕಾಯುವ ತಾಳ್ಮೆ ಇದ್ದವನು ದಾಟುತ್ತಾನೆ. ಅಡ್ಡಿ ಒಡ್ಡುವುದು ಯಂತ್ರವಲ್ಲ, ಉಳಿದ ಜನ.

2010ರಲ್ಲಿ ಅಮೆರಿಕದ ವೈಪ್ಔಟ್ ಶೋದ ಗೇಮ್ ಬಂದಿತ್ತು. ಅದಕ್ಕೆ ಲೈಸೆನ್ಸೂ ಇತ್ತು, ದೊಡ್ಡ ಕೆಂಪು ಚೆಂಡುಗಳೂ ಇದ್ದವು. ನೀರಿಗೆ ಬೀಳುವುದೂ ಇತ್ತು. ಜನಜಂಗುಳಿ ಮಾತ್ರ ಇರಲಿಲ್ಲ. ಇವತ್ತು ಅದರ ಹೆಸರು ಹೇಳುವವರು ಯಾರು?

ಎಂಟುಬಿಟ್

ಇದಕ್ಕೆ ತಿರುಗಿಸಿದ ಹಾಗಿರುವ ಒಂದು ಘಟನೆ ಇಲ್ಲಿ ಹೇಳಲೇಬೇಕು. 1984ರಲ್ಲಿ ಸಿಬಿಎಸ್‌ನ ಪ್ರೆಸ್ ಯುವರ್ ಲಕ್ ಶೋಗೆ ಓಹಾಯೋದ ಮೈಕೆಲ್ ಲಾರ್ಸನ್ ಬಂದರು. 18 ಮನೆಗಳ ಬೋರ್ಡಿನ ಮೇಲೆ ದೀಪ ಓಡುತ್ತದೆ, ಗುಂಡಿ ಒತ್ತಿದಾಗ ಎಲ್ಲಿ ನಿಲ್ಲುತ್ತದೋ ಅದು ನಿಮ್ಮದು. ನೋಡುವವರಿಗೆ ಅದು ಬರೀ ಅದೃಷ್ಟ. ನಿಜಕ್ಕೂ ದೀಪ ಓಡಲು ಇದ್ದದ್ದು ಐದೇ ಕ್ರಮ. ಲಾರ್ಸನ್ ಮನೆಯಲ್ಲಿ ಟೇಪ್ ಹಾಕಿ ನೋಡಿ ನೋಡಿ ಐದನ್ನೂ ಬಾಯಿಪಾಠ ಮಾಡಿದ್ದರು. ನಷ್ಟ ಎಂದೂ ಬರದ ಮನೆಗಳ ಮೇಲೇ ಮತ್ತೆ ಮತ್ತೆ ನಿಲ್ಲಿಸಿ 1,10,237 ಡಾಲರ್ ಗೆದ್ದರು. ನಿಯಮ ಮುರಿದಿಲ್ಲ ಅಂತ ಚಾನೆಲ್ ಹಣ ಕೊಟ್ಟಿತು, ಆಮೇಲೆ ಕ್ರಮಗಳನ್ನು 32ಕ್ಕೆ ಏರಿಸಿತು.

ಅಂದರೆ ಆ ಶೋ ಒಳಗೊಳಗೇ ಒಂದು ವಿಡಿಯೋ ಗೇಮ್ ಆಗಿತ್ತು. ಅದನ್ನು ಹಾಗೆ ಆಡಿದ ಮೊದಲ ಮನುಷ್ಯ ಲಾರ್ಸನ್.

ಬೆರಳುಬಜ಼ರ್

ಎಂಥ ತಾಳ್ಮೆ! ಇದು ನನಗೆ ಗೊತ್ತೇ ಇರಲಿಲ್ಲ. ಧನ್ಯವಾದ.

ಚಂದನ_ನೋಡುವವರು

ನಮ್ಮ ಕಡೆಗೆ ಬರೋಣ. ಕೌನ್ ಬನೇಗಾ ಕರೋಡ್‌ಪತಿ 2000ದ ಜುಲೈ 3ರಂದು ಶುರುವಾಯಿತು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕನ್ನಡದ ಕೋಟ್ಯಧಿಪತಿ ಬಂತು. 2017ರಿಂದ ಹಿಂದಿಯದ್ದಕ್ಕೆ ಫೋನಿನಲ್ಲಿ ಪ್ಲೇ ಅಲಾಂಗ್ ಇದೆ. ಟಿವಿಯಲ್ಲಿ ಪ್ರಶ್ನೆ ಬಂದಾಗ ಫೋನಿನಲ್ಲೂ ಅದೇ ಪ್ರಶ್ನೆ. ಕುರ್ಚಿಯಲ್ಲಿ ಕೂತವರ ಜೊತೆ ನೀವೂ ಆಡುತ್ತೀರಿ. ಪಗಡೆಹಾಸು ಕೇಳಿದ್ದಕ್ಕೆ ಇದು ಒಳ್ಳೆಯ ಉತ್ತರ. ಶೋವನ್ನು ನಕಲು ಮಾಡುವ ಬದಲು ಶೋಗೇ ಗೇಮನ್ನು ಅಂಟಿಸಿದರು.

ನನ್ನ ಆಸೆ ಮಾತ್ರ ಬೇರೆ. ಚಂದನದ ‘ಥಟ್ ಅಂತ ಹೇಳಿ’ಗೆ ಒಂದು ಒಳ್ಳೆಯ ಗೇಮ್ ಬೇಕು. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದದ್ದು. ಬಹುಮಾನ ಪುಸ್ತಕ. ಕೋಟಿ ಇಲ್ಲ, ದೀಪಗಳ ಆಟ ಇಲ್ಲ, ಆದರೂ ಸಾವಿರಾರು ಕಂತು ನಡೆದಿದೆ. ಅಲ್ಲಿ ಜನ ಕೂತು ನೋಡುವುದು ಉತ್ತರ ಬಂದ ಮೇಲೆ ಅವರು ಕೊಡುವ ವಿವರಣೆಗೆ. ಅದನ್ನು ಬಿಟ್ಟು ಬರೀ ನಾಲ್ಕು ಆಯ್ಕೆ ಇಟ್ಟು ಗೇಮ್ ಮಾಡಿದರೆ ಅನ್ಯಾಯ ಮಾಡಿದ ಹಾಗೆ.

ತಾಳೆನೋಡುವವ

ಕನ್ನಡದಲ್ಲಿ ಉತ್ತರ ಟೈಪ್ ಮಾಡಿಸುವುದಾದರೆ ತಾಳೆ ನೋಡುವುದು ಇನ್ನೂ ಕಷ್ಟ, ಆದರೆ ಆಗದ ಕೆಲಸ ಅಲ್ಲ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್‌ನಲ್ಲಿ ಆರು ಸಂಕೇತ. ‘ಕಾರ್ಯ’ವನ್ನು ಅರ್ಕಾವತ್ತು ಹಾಕಿಯೂ ಬರೆಯಬಹುದು, ಹಾಕದೆಯೂ ಬರೆಯಬಹುದು. ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಯಂತ್ರಕ್ಕೆ ಅವೆರಡೂ ಬೇರೆ. ಅಂಬಿಕಾತನಯದತ್ತ ಅಂದರೂ ಬೇಂದ್ರೆ ಅಂದರೂ ಸರಿ ಅಂತ ಒಪ್ಪಬೇಕು. ಮೊದಲು ಕಾಣದ ಸಂಕೇತ ತೆಗೆಯಬೇಕು, ಹ್ರಸ್ವ ದೀರ್ಘ ಒಂದು ಕಡೆ ತಪ್ಪಿದರೆ ಕ್ಷಮಿಸಬೇಕು, ಆಮೇಲೆ ಪರ್ಯಾಯ ಹೆಸರುಗಳ ಪಟ್ಟಿ ನೋಡಬೇಕು. ಫ್ಯಾಮಿಲಿ ಫ್ಯೂಡ್ ಮಾಡಿದವರಿಗಿಂತ ನಮ್ಮ ಬಳಿ ಮೆಮೊರಿ ಬೇಕಾದಷ್ಟಿದೆ.

ಒಬ್ಬಳೇ_ಆಡುವೆ

ನನಗೆ ವೀಲ್ ಆಫ್ ಫಾರ್ಚೂನ್ ಕನ್ನಡದಲ್ಲಿ ಬೇಕು, ಮತ್ತು ಅದು ಇಂಗ್ಲಿಷಿನದ್ದಕ್ಕಿಂತ ಚೆನ್ನಾಗಿ ಕೂರುತ್ತದೆ ಅನಿಸುತ್ತದೆ. ಅಲ್ಲಿ ವ್ಯಂಜನ ಹೇಳಿದರೆ ಹಣ ಬರುತ್ತದೆ, ಸ್ವರ ಬೇಕಾದರೆ 250 ಡಾಲರ್ ಕೊಟ್ಟು ಕೊಳ್ಳಬೇಕು. ನಮ್ಮ ಗುಣಿತಕ್ಕೆ ಇದು ಹೇಳಿ ಮಾಡಿಸಿದ್ದು!

‘ಕೈ ಕೆಸರಾದರೆ ಬಾಯಿ ಮೊಸರು’ ತೆಗೆದುಕೊಳ್ಳಿ. 11 ಮನೆ. ‘ರ’ ಅಂದರೆ ಮೂರು ಮನೆಯಲ್ಲಿ ಬರೀ ‘ರ’ ಕಾಣಬೇಕು, ಗುಣಿತದ ಗುರುತು ಮುಚ್ಚಿರಬೇಕು. ‘ಎ’ ಸ್ವರ ಕೊಂಡರೆ ‘ಕೆ’ ಮತ್ತು ‘ರೆ’ಯ ತಲೆಯ ಮೇಲಿನ ಗುರುತು ತೆರೆಯುತ್ತದೆ, ವ್ಯಂಜನ ಗೊತ್ತಿಲ್ಲದಿದ್ದರೂ. ಒಂದೊಂದು ಮನೆಗೂ ಎರಡೆರಡು ಪದರ. ಬಿಡಿಸುವವರಿಗೆ ಹಬ್ಬ.

ಪಗಡೆಹಾಸು

ಇದನ್ನು ನಾಲ್ಕು ಜನ ಒಂದೇ ಟಿವಿ ಮುಂದೆ ಕೂತು, ಫೋನನ್ನೇ ಗುಂಡಿ ಮಾಡಿಕೊಂಡು ಆಡುವ ಹಾಗೆ ಮಾಡಬಹುದು. ಜೆಲ್ಲಿವಿಷನ್‌ನಿಂದಲೇ ಬೆಳೆದ ಜಾಕ್‌ಬಾಕ್ಸ್‌ನವರು 2014ರಿಂದ ಪಾರ್ಟಿ ಪ್ಯಾಕ್‌ಗಳಲ್ಲಿ ಮಾಡುತ್ತಿರುವುದು ಅದನ್ನೇ. ಪರದೆಯ ಮೇಲೆ ಬಂದ ನಾಲ್ಕು ಅಕ್ಷರದ ಕೋಡ್ ಫೋನಿನಲ್ಲಿ ಹಾಕಿದರೆ ಆಟಕ್ಕೆ ಸೇರಿದ ಹಾಗೆ. ಬೇರೆ ರಿಮೋಟ್ ಬೇಡ. ಒಬ್ಬರೇ ಆಡುವವರಿಗೂ ಅದೇ ಬೋರ್ಡ್ ಸಾಕಾಗುತ್ತದೆ.

ಒಂದು ಸಂಶಯ ಮೇಡಂ. ಒತ್ತಕ್ಷರ ಬಂದರೆ? ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಥರದ್ದು ಹಾಕಿದರೆ ‘ತ’ ಅಂದಾಗ ಮೇಲಿನದ್ದು, ಕೆಳಗಿನದ್ದು ಎರಡೂ ತೆರೆಯಬೇಕಾ?

ಒಬ್ಬಳೇ_ಆಡುವೆ

ಎರಡೂ ತೆರೆಯಲಿ, ಆದರೆ ಹಣ ಮನೆಗೆ ಒಂದೇ ಸಲ. ‘ಸ್ತ್ರೀ’ ಥರದ್ದಕ್ಕೆ ಸ, ತ, ರ ಮೂರನ್ನೂ ಬೇರೆ ಬೇರೆ ಹೇಳಬೇಕು, ಹೇಳಿದ ಪ್ರತಿಯೊಂದಕ್ಕೂ ಹಣ. ಅನುಸ್ವಾರವನ್ನು ಸ್ವರದ ಹಾಗೆ ಕೊಳ್ಳುವುದು ಅಂತ ಇಟ್ಟುಕೊಳ್ಳಿ. ಗಾದೆಗಳ ಪಟ್ಟಿ ನಾನು ಮಾಡಿಕೊಡುತ್ತೇನೆ.

ತಾಳೆನೋಡುವವ

ವ್ಯಂಜನ, ಒತ್ತು, ಗುಣಿತ ಬಿಡಿಸಿ ಬೇರೆ ಬೇರೆ ತೆರೆಯುವ ಭಾಗ ನಾನು ಬರೆಯುತ್ತೇನೆ. ಗುಣಿತದ ಗುರುತನ್ನು ಮಾತ್ರ ಒಂಟಿಯಾಗಿ ತೋರಿಸಿದರೆ ಹೆಚ್ಚಿನ ಫಾಂಟ್‌ಗಳು ಚುಕ್ಕಿಯ ವೃತ್ತ ಹಾಕಿ ತೋರಿಸುತ್ತವೆ. ಅದನ್ನೇ ಖಾಲಿ ಮನೆಯ ಗುರುತಾಗಿ ಇಟ್ಟುಕೊಳ್ಳಬಹುದು, ಹೊಸ ಫಾಂಟ್ ಮಾಡಬೇಕಾಗಿಲ್ಲ.